ಅರಮನೆಯ ಮುಂದೆ ಕದ್ದ ಮದುಮಗಳು

ಮದುವೆ ಊಟದ ಛತ್ರದ ಕಿಟಕಿಯಿಂದ ಅರಮನೆಯ ಗೋಪುರ ಕಾಣದೇ ಹೋಗಿದ್ದರೆ ಒಕ್ತಾವ್‌ಗೆ ಆ ಭಾನುವಾರ ಯಾವ ಗ್ರಹಚಾರವೂ ಒಕ್ಕರಿಸುತ್ತಿರಲಿಲ್ಲ.

ಒಕ್ತಾವ್ ದೊರೊಹೋಯ್ ಊರಿನವನು. ಮನೆಗಳಿಗೆ ನೆಲದ ಹಾಸು ಹಾಕುವುದು ಅವನ ಕಸುಬು. ಯಾಶ್ ನಗರದ ಅರಮನೆಯೊಳಗೆ ಒಂದು ನೆಲವಿದೆಯಂತೆ, ಚೂರು ಚೂರು ಕಲ್ಲು ಜೋಡಿಸಿ ರೆಕ್ಕೆಯ ಸಿಂಹ, ಎರಡು ತಲೆಯ ಹದ್ದು ಎಲ್ಲ ಬರೆದಿದ್ದಾರಂತೆ ಎಂದು ಹುಡುಗನಾಗಿದ್ದಾಗಿನಿಂದ ಕೇಳುತ್ತ ಬಂದಿದ್ದ. ಕಲ್ಲಿನಲ್ಲಿ ಗರಿ ಹೇಗೆ ಬಂತು ಎಂಬ ಕುತೂಹಲ ತಲೆಯಲ್ಲಿ ಕೂತುಬಿಟ್ಟಿತ್ತು. ಹೆಂಡತಿಯ ಅಣ್ಣನ ಮಗನ ಮದುವೆ ಯಾಶ್‌ನಲ್ಲೇ ಎಂದಾಗ ಮದುಮಗನಿಗಿಂತ ಹೆಚ್ಚು ಹಿಗ್ಗಿದವನು ಇವನೇ.

ಆದರೆ ಹೆಂಡತಿ ಪ್ರೊಫಿರಾ ಅವನಿಗೊಂದು ಕೆಲಸ ಅಂಟಿಸಿದಳು. ಊಟದ ನಡುವೆ ಮದುಮಗಳನ್ನು ಕದ್ದೊಯ್ದು, ಗಂಡಿನ ಕಡೆಯವರಿಂದ ದಂಡ ಕಕ್ಕಿಸಿ ವಾಪಸು ಕೊಡುವುದು ಆ ಸೀಮೆಯ ಮದುವೆಗಳಲ್ಲಿ ಊಟದಷ್ಟೇ ಮುಖ್ಯ.

"ಮದುಮಗಳ ಬೆನ್ನ ಹಿಂದೆ ಕೂತ್ಕೊಂಡು, ಯಾರೂ ಕದೀದ ಹಾಗೆ ಕಾವಲು ಕಾಯಿರಿ. ಎದ್ದಿರೋ, ನನ್ನಷ್ಟು ಕೆಟ್ಟವಳು ಇಲ್ಲ," ಎಂದಳು ಪ್ರೊಫಿರಾ.

ಒಕ್ತಾವ್ ಕೂತ. ಕಿಟಕಿಯಲ್ಲಿ, ರಸ್ತೆಯಾಚೆಗೇ, ಗೋಪುರ ಕಂಡಿತು. ವಾದ್ಯದವರು ಇನ್ನೂ ಶ್ರುತಿ ಕೂಡಿಸುತ್ತಿದ್ದರು. ಇಷ್ಟು ಬೇಗ ಯಾರು ಕದಿಯುತ್ತಾರೆ, ಕೋಸಿನೆಲೆಯ ಕಡುಬು ಬರುವುದರೊಳಗೆ ಹೋಗಿ ಬಂದುಬಿಡೋಣ ಎಂದು ಮೆಲ್ಲಗೆ ಜಾರಿಕೊಂಡ.

ಅರಮನೆ ಎದುರಾದಾಗ ಅವನ ಕಾಲು ಮುಂದೆ ಹೋಗಲಿಲ್ಲ. ಎಷ್ಟು ಕಿಟಕಿ, ಎಷ್ಟು ಕಮಾನು, ಎಂಥ ಕೆತ್ತನೆ. ಕತ್ತು ನೋಯುವವರೆಗೆ ನೋಡಿದ. ಇದನ್ನೆಲ್ಲ ಮನುಷ್ಯರೇ ಕಟ್ಟಿದರಲ್ಲ ಎಂದು ಕಣ್ಣು ಮಂಜಾಯಿತು.

"ನೆಲ ನೋಡೋದಾದ್ರೆ ಬೇಗ ಬನ್ನಿ. ಮುಚ್ಚೋ ಹೊತ್ತಾಯ್ತು," ಎಂದು ಬಾಗಿಲು ಕಾಯುವವನು ಕೂಗಿದ.

ಒಕ್ತಾವ್ ಹೆಜ್ಜೆ ಎತ್ತುವಷ್ಟರಲ್ಲಿ ಇಬ್ಬರು ಯುವಕರು ಒಬ್ಬ ಮದುಮಗಳನ್ನು ಎಳೆದುಕೊಂಡು ಏದುಸಿರು ಬಿಡುತ್ತ ಬಂದರು. ಅರಮನೆಯ ಮೆಟ್ಟಿಲ ಮೇಲೆ ಆಗಲೇ ಫೋಟೋಗೆ ನಿಂತ ಮದುವಣಗಿತ್ತಿಯರು ಇನ್ನಿಬ್ಬರಿದ್ದರು.

"ಮಾವ, ಒಂದು ಉಪಕಾರ ಆಗ್ಬೇಕು. ಇವಳನ್ನ ಕದ್ಕೊಂಡು ಬಂದಿದೀವಿ. ಫೋನಲ್ಲಿ ನಾವು ಮಾತಾಡಿದ್ರೆ ಧ್ವನಿ ಗುರುತು ಹಿಡೀತಾರೆ. ನೀವೇ ದಂಡ ಕೇಳಿ," ಎಂದ ಒಬ್ಬ.

"ಕಾವಲಿಗೆ ಯಾರೂ ಇರ್ಲಿಲ್ವೇನಮ್ಮಾ?" ಎಂದು ಒಕ್ತಾವ್ ಮದುಮಗಳನ್ನು ಕೇಳಿದ.

"ಇದ್ರಂತೆ. ಊಟ ಹುಡುಕ್ಕೊಂಡು ಹೋಗಿರ್ಬೇಕು," ಎಂದಳು ಅವಳು, ಚಪ್ಪಲಿ ಕಳಚಿ ಕಾಲು ಒತ್ತಿಕೊಳ್ಳುತ್ತ.

ಒಕ್ತಾವ್‌ಗೆ ನಗು ತಡೆಯಲಾಗಲಿಲ್ಲ. ಕೊಡಿ ಇತ್ತ ಎಂದು ಫೋನು ತೆಗೆದುಕೊಂಡು ಗಂಟಲು ದಪ್ಪ ಮಾಡಿದ. ಆ ಕಡೆ ತುತ್ತೂರಿಯ ಗದ್ದಲದ ನಡುವೆ ಯಾರೋ ಹೆಂಗಸು ಮದುಮಗನ ಫೋನು ಕಿತ್ತುಕೊಂಡು ಕಿರುಚುತ್ತಿದ್ದಳು.

"ಯಾರೋ ನೀನು? ಎರಡು ಬಾಟ್ಲಿ ವೈನ್ ಕೊಡ್ತೀವಿ, ಹುಡುಗೀನ ಬಿಡು."

"ನಿನ್ನ ವೈನ್ ಯಾರಿಗೆ ಬೇಕಮ್ಮಾ. ಕಾವಲು ಬಿಟ್ಟು ಹೋದನಲ್ಲ ಒಬ್ಬ ಸೋಮಾರಿ, ಅವನು ಮದುಮಗಳ ಮುಸುಕು ಹಾಕ್ಕೊಂಡು ನಡುಬೀದೀಲಿ ಕುಣೀಬೇಕು. ಅದೇ ದಂಡ."

ಆ ಹೆಂಗಸಿನ ಧ್ವನಿ ತುತ್ತೂರಿಗಿಂತ ಮೇಲೇರಿತು.

"ಒಪ್ಪಿದೆ ಕಣೋ. ನನ್ನ ಮನಸ್ಸಲ್ಲಿರೋದನ್ನ ಬಾಯಿಬಿಟ್ಟು ಹೇಳಿದ ಗಂಡಸು ಇಷ್ಟು ವರ್ಷಕ್ಕೆ ನೀನೊಬ್ಬನೇ. ಎಲ್ಲಿದೀರಿ?"

"ಅರಮನೆ ಮುಂದೆ."

ಇಂಥವಳನ್ನು ಕಟ್ಟಿಕೊಂಡವನ ಪಾಡೇನೋ ಪಾಪ ಎಂದುಕೊಳ್ಳುತ್ತ ಒಕ್ತಾವ್ ಬಾಗಿಲಿಗೆ ಓಡಿದ. ಗಾಜಿನಾಚೆ ನೆಲದ ಒಂದು ಅಂಚು ಕಂಡಿತು. ಅದರ ಮೇಲೊಂದು ಬಾಲ. ಸಿಂಹದ್ದೋ ಏನೋ, ಇನ್ನೆರಡು ಹೆಜ್ಜೆ ಇಟ್ಟರೆ ಗೊತ್ತಾಗುತ್ತಿತ್ತು. ಅಷ್ಟರಲ್ಲಿ ಹಿಂದಿನಿಂದ ಅಕಾರ್ಡಿಯನ್ ಸದ್ದು ಬಂತು.

ತಿರುಗಿದ. ವಾದ್ಯದವನ ಮುಂದೆ ಮದುಮಗ. ಮದುಮಗನ ಮುಂದೆ, ತೋಳು ಮಡಚಿಕೊಂಡು, ಪ್ರೊಫಿರಾ.

ರೈಲು ತಡವಾಗಿ ಚರ್ಚಿನ ಕೊನೆಯ ಸಾಲಿಗೆ ಬಂದಿದ್ದ ಒಕ್ತಾವ್ ಅಲ್ಲಿ ಕಣ್ತುಂಬ ನೋಡಿದ್ದು ಚರ್ಚಿನ ನೆಲವನ್ನು. ಛತ್ರದಲ್ಲಿ ನೋಡಿದ್ದು ಗೋಪುರವನ್ನು. ತಾನು ಕಾಯಬೇಕಿದ್ದ ಸೊಸೆಯ ಮುಖವನ್ನು ಅವನು ಮೊದಲ ಸಲ ನೋಡಿದ್ದು ಅರಮನೆಯ ಮೆಟ್ಟಿಲ ಮೇಲೆ.

"ಫೋನಲ್ಲಿ ಮಾತಾಡಿದ್ದು ಯಾರು?" ಎಂದಳು ಪ್ರೊಫಿರಾ.

"ಈ ಮಾವನೇ. ದಂಡ ಹೇಳಿದ್ದೂ ಇವರೇ. ತುಂಬಾ ಒಳ್ಳೆಯವರು," ಎಂದರು ಯುವಕರು ಅಭಿಮಾನದಿಂದ.

ಪ್ರೊಫಿರಾ ಮದುಮಗಳ ಮುಸುಕನ್ನು ತನ್ನ ಕೈಯಾರೆ ಗಂಡನ ತಲೆಗೆ ಸಿಕ್ಕಿಸಿದಳು. ಒಕ್ತಾವ್ ಕುಣಿದ. ಉಳಿದಿಬ್ಬರು ಮದುವಣಗಿತ್ತಿಯರೂ ಅವರ ಬಳಗದವರೂ ಸುತ್ತ ನೆರೆದರು. ಅರಮನೆಯ ಸಿಬ್ಬಂದಿಯೆಲ್ಲ ಬಾಗಿಲನ್ನು ಅಗಲವಾಗಿ ತೆರೆದಿಟ್ಟು ಆಚೆ ಬಂದು ಚಪ್ಪಾಳೆ ತಟ್ಟಿದರು. ಒಳಗಿನ ನೆಲ ಪೂರ್ತಿ ಕಾಣುತ್ತಿತ್ತು, ಮುಸುಕು ಹಾಕಿಕೊಳ್ಳದವರಿಗೆ.

ಕುಣಿತ ಮುಗಿದು ಅವನು ಮುಸುಕು ತೆಗೆಯುವ ಹೊತ್ತಿಗೆ ಬಾಗಿಲಿಗೆ ಬೀಗ ಬೀಳುತ್ತಿತ್ತು. ಅವನು ಆ ಬೀಗವನ್ನು ನೋಡಿದ ರೀತಿಗೆ ಪ್ರೊಫಿರಾಳಿಗೇ ಕರುಳು ಚುರ್ ಎಂದಿತು.

"ಅಷ್ಟು ಆಸೆ ಇದ್ರೆ ಹೇಳ್ಬಾರ್ದೇನ್ರೀ. ನಾಳೆ ರೈಲು ಮಧ್ಯಾಹ್ನ ತಾನೇ. ಬೆಳಿಗ್ಗೆ ನಾನೇ ಕರ್ಕೊಂಡು ಬರ್ತೀನಿ," ಎಂದಳು.

"ನಾಳೆ ಸೋಮವಾರ ರಜಾ ಅಮ್ಮಾ, ಮಂಗಳವಾರ ಬನ್ನಿ," ಎಂದ ಬಾಗಿಲು ಕಾಯುವವನು ಬೀಗದ ಕೈ ಜೇಬಿಗಿಳಿಸುತ್ತ. "ಯಜಮಾನರು ಕುಣಿಯೋದಾದ್ರೆ ಮಾತ್ರ ಮೊದಲೇ ತಿಳಿಸಿ, ನಮ್ಮ ಮನೆಯವರನ್ನೂ ಕರ್ಕೊಂಡು ಬರ್ತೀನಿ."