ಕದ್ದು ತಿನ್ನುವ ಚಪಾತಿ

ಪ್ರತಿ ಗಂಡಸಿಗೂ ಮನೆಯವರಿಗೆ ಗೊತ್ತಾಗದ ಹಾಗೆ ಸೇವಿಸುವ ಒಂದು ಪದಾರ್ಥ ಇರುತ್ತದೆ. ನಮ್ಮ ಆಫೀಸಿನಲ್ಲಿ ಒಬ್ಬರಿಗೆ ಗುಟಕಾ, ಇನ್ನೊಬ್ಬರಿಗೆ ಶನಿವಾರದ ಬಿಯರು, ಸಕ್ಕರೆ ಕಾಯಿಲೆಯ ಮತ್ತೊಬ್ಬರಿಗೆ ಜಿಲೇಬಿ. ನನ್ನದು ಚಪಾತಿ. ನಗಬೇಡಿ. ಪುಣೆಯ ವಿಮಾನ ನಗರದ ಆಫೀಸಿನಿಂದ ಬಸ್ಸು ಬದಲಿಸಿಕೊಂಡು ಬರುವ ನಾನು, ಕಾತ್ರಜದ ನಮ್ಮ ಮನೆಗೆ ಒಂದು ಸ್ಟಾಪು ಮೊದಲೇ ಇಳಿದು, ಸಾತಾರದ ಕಡೆ ಹೋಗುವ ಬಸ್ಸುಗಳು ನಿಲ್ಲುವ ಜಾಗದ ಹೋಟೆಲಿನಲ್ಲಿ ಗೋಡೆಗೆ ಮುಖ ಮಾಡಿ ಕೂತು ಬಿಸಿ ಚಪಾತಿ ತಿನ್ನುತ್ತೇನೆ. ಆಮೇಲೆ ಕೈ ತೊಳೆದು, ಮೀಸೆ ಒರೆಸಿ, ಅಂಗಿ ಝಾಡಿಸಿ, ಒಂದು ಲವಂಗ ಬಾಯಿಗೆ ಹಾಕಿಕೊಂಡು ಸಂಭಾವಿತನಂತೆ ಮನೆಗೆ ಹೋಗುತ್ತೇನೆ. ಹೋಟೆಲಿನ ಮಾಲೀಕರು ಕುಂದಾಪುರದ ಕಡೆಯವರು. "ಮನೇಲಿ ಜಗಳವಾ ಮಾರಾಯ್ರೆ?" ಎಂದು ಒಮ್ಮೆ ಮೆಲ್ಲಗೆ ಕೇಳಿದರು. ಜಗಳವೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವರಿಗೆ ಹೇಗೆ ಹೇಳಲಿ?

ನಮ್ಮ ಮಗಳು ಅಂಜಲಿಗೆ ಆಗ ಮೂರು ತುಂಬುತ್ತಿತ್ತು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ. ತಿಂದದ್ದೆಲ್ಲ ನೀರಾಗಿ ಹೋಗುತ್ತಿತ್ತು. ಹಿಂದಿನ ವರ್ಷ ಪಂಚಮಿಗೆ ಹೊಲಿಸಿದ ಫ್ರಾಕು ಆ ವರ್ಷದ ಪಂಚಮಿಗೂ ಸರಿಯಾಗಿ ಕೂತಿತು. "ಬಟ್ಟೆಯ ಖರ್ಚು ಉಳಿಯಿತು" ಎಂದು ನಾನು ಜೋಕು ಮಾಡಿದೆ. ನನ್ನ ಹೆಂಡತಿ ಶೈಲಾ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಡಾಕ್ಟರುಗಳಿಗೇನೂ ಕೊರತೆ ಇರಲಿಲ್ಲ. ಒಬ್ಬರು ಜಂತು ಎಂದರು. ಇನ್ನೊಬ್ಬರು ಹಲ್ಲು ಬರುತ್ತಿವೆ ಎಂದರು. ಅವು ಬಂದು ವರ್ಷವಾಗಿತ್ತು. ಮೂರನೆಯವರು ಲಿವರಿನ ಟಾನಿಕ್ ಬರೆದು, ತಾಯಿ ಸುಮ್ಮನೆ ಚಿಂತೆ ಮಾಡುತ್ತಾಳೆ ಎಂದರು. ನೋಡಲು ಬಂದವರಂತೂ ಬರಿಗೈಯಲ್ಲಿ ಬರಲಿಲ್ಲ. ಪುಣೆಯಲ್ಲಿ ಹುಷಾರಿಲ್ಲದ ಮಗುವನ್ನು ನೋಡಲು ಹೋಗುವವರು ಬಿಸ್ಕೀಟಿನ ಪುಡಿಕೆ ಹಿಡಿದೇ ಹೋಗುತ್ತಾರೆ. ಹೊಟ್ಟೆ ಸರಿ ಇಲ್ಲ ಎಂದರೆ ಬ್ರೆಡ್ಡು. ಬಹಳ ನಿತ್ರಾಣ ಎಂದರೆ ಹಾಲಿನಲ್ಲಿ ನೆನೆಸಿದ ಟೋಸ್ಟು. ಇನ್ನೂ ಕಾಳಜಿ ಇರುವವರು ಡಬ್ಬಿಯಲ್ಲಿ ರವೆಯ ಗಂಜಿ. ಕರುಣೆಯಿಂದ ಕೊಟ್ಟದ್ದೆಲ್ಲ ಗೋಧಿಯದೇ ಎಂದು ಆಗ ಯಾರಿಗೆ ಹೊಳೆಯಬೇಕು? ನಾವೂ ಥ್ಯಾಂಕ್ಸ್ ಹೇಳಿ ತಿನ್ನಿಸಿದೆವು.

ಶೀಗೆಹುಣ್ಣಿಮೆ ಮುಗಿಸಿಕೊಂಡು ವಿಜಾಪುರದ ಕಡೆಯ ನಮ್ಮೂರಿನಿಂದ ಅವ್ವ ಬಂದಳು, ಜೊತೆಗೆ ಒಂದು ಚೀಲ ಜೋಳದ ಹಿಟ್ಟು. ಮೊಮ್ಮಗಳನ್ನು ಎತ್ತಿಕೊಂಡವಳೇ, "ಏನ ತಮ್ಮಾ, ಹೂವಿನಷ್ಟೂ ವಜ್ಜಿ ಇಲ್ಲಲೋ ಕೂಸು" ಎಂದು ಕಣ್ಣಿಗೆ ಸೆರಗು ಹಚ್ಚಿದಳು. ಶೈಲಾ ಶಾಲೆಯಲ್ಲಿ ಕಲಿಸುತ್ತಾಳೆ. ನಾವಿಬ್ಬರೂ ಬೆಳಿಗ್ಗೆ ಅವ್ವ ಕಟ್ಟಿಕೊಟ್ಟ ಚಪಾತಿಯ ಡಬ್ಬಿ ಹಿಡಿದು ಹೊರಟರೆ ದೀಪ ಹಚ್ಚುವ ಹೊತ್ತಿಗೆ ಬರುವವರು. ಮಗುವಿನ ಊಟವೆಲ್ಲ ಅವ್ವನದೇ ಆಯಿತು. ಕೆಲವು ತಿಂಗಳಲ್ಲಿ ಅಂಜು ಸ್ವಲ್ಪ ಚಿಗುರಿದಳು. ಟಾನಿಕ್ಕು ಹಿಡಿಯಿತು ಎಂದು ನಾವು ಆ ಮೂರನೆಯ ಡಾಕ್ಟರನ್ನು ಕೊಂಡಾಡಿದೆವು. ತೂಕ ಮಾತ್ರ ಅವಳ ವಯಸ್ಸಿಗೆ ತಕ್ಕಂತೆ ಏರಲಿಲ್ಲ. ಕಡೆಗೆ ಯಾರೋ ಹೇಳಿದರೆಂದು ಮಗರಪಟ್ಟಾದ ಹತ್ತಿರ, ಮಕ್ಕಳ ಹೊಟ್ಟೆಯ ರೋಗ ಮಾತ್ರ ನೋಡುವ ಒಬ್ಬ ತರುಣ ಡಾಕ್ಟರ ಬಳಿಗೆ ಹೋದೆವು.

ಅವರು ಮಗುವಿನ ಹೊಟ್ಟೆ ಒತ್ತಿ ನೋಡಿ, ಗೋಧಿ ಒಗ್ಗದ ರೋಗವಿರಬಹುದು, ರಕ್ತ ತೆಗೆದು ಮುಂಬಯಿಗೆ ಕಳಿಸೋಣ ಎಂದರು. ನಂತರ ಮರಾಠಿಯಲ್ಲಿ, "ಮುಲಗೀ ಕಾಯ್ ಖಾತೆ?" ಎಂದು ಮಗುವಿನ ಊಟದ ಬಗ್ಗೆ ಕೇಳಿದರು. ಇಲ್ಲಿ ನಮ್ಮ ಕಡೆಯ ಒಂದು ಸಂಗತಿ ಹೇಳಬೇಕು. ಊರಲ್ಲಿ ರೊಟ್ಟಿ ದಿನದ ಊಟ. ಚಪಾತಿ ಬೀಗರು ಬಂದಾಗ ಮಾಡುವುದು. ಪರರ ಮುಂದೆ, ಅದರಲ್ಲೂ ಟೈ ಕಟ್ಟಿದ ಡಾಕ್ಟರ ಮುಂದೆ, ಮನೆಯ ಒಬ್ಬಳೇ ಕೂಸಿಗೆ ಜೋಳದ ರೊಟ್ಟಿ ಹಾಕುತ್ತೇವೆ ಎಂದು ಅವ್ವ ಪ್ರಾಣ ಹೋದರೂ ಹೇಳುವವಳಲ್ಲ. ನಾನು ಬಾಯಿ ತೆರೆಯುವ ಮೊದಲೇ ಕುರ್ಚಿಯಲ್ಲಿ ನೆಟ್ಟಗಾಗಿ, ತನಗೆ ಬರುವ ಮರಾಠಿಯಲ್ಲಿ, "ರೋಜ್ ಚಪಾತಿ, ಸಾಹೇಬ. ತೂಪ್ ಲಾವೂನ್" ಎಂದಳು. ದಿನಾ ಚಪಾತಿ, ಅದೂ ತುಪ್ಪ ಹಚ್ಚಿ! ನಮ್ಮ ಡಬ್ಬಿಯ ಚಪಾತಿಯೇ ಕೂಸಿಗೂ ಎಂದುಕೊಂಡಿದ್ದ ನನಗೆ ತುಪ್ಪವೊಂದೇ ಸುಳ್ಳು ಅನಿಸಿತು. ಮನೆಯ ಹಿರಿಯಳು ಮನೆಯ ಮಾನ ಕಾಯುವಾಗ ನಡುವೆ ಬಾಯಿ ಹಾಕುವ ರೂಢಿ ನಮ್ಮಲ್ಲಿಲ್ಲ. ನಿಜ ಹೇಳಬೇಕೆಂದರೆ ನನಗೆ ತುಸು ಹೆಮ್ಮೆಯೂ ಆಯಿತು. ಡಾಕ್ಟರು ಅದನ್ನೇ ಬರೆದುಕೊಂಡರು.

ಮುಂಬಯಿಯಿಂದ ರಿಪೋರ್ಟು ಬಂತು: ಎಲ್ಲ ಸರಿಯಾಗಿದೆ, ಗೋಧಿಯ ತಪ್ಪೇನೂ ಇಲ್ಲ. ಅವ್ವ ದೇವರಿಗೆ ಕೈ ಮುಗಿದು ಗೋಧಿ ಹುಗ್ಗಿ ಮಾಡಿದಳು. ಬೆಲ್ಲ, ಗಸಗಸೆ, ಒಣಕೊಬ್ಬರಿ, ಮೇಲೆ ತುಪ್ಪ. ಅಂಜು ಎರಡು ಸಲ ಹಾಕಿಸಿಕೊಂಡು ತಿಂದಳು. ಮರುದಿನವೂ ಹುಗ್ಗಿ, ಅದರ ಮರುದಿನ ಚಪಾತಿ. ವಾರ ಮುಗಿಯುವುದರೊಳಗೆ ಮಗು ಆಸ್ಪತ್ರೆಯ ಮಂಚದಲ್ಲಿತ್ತು. ಸಲಾಯಿನ್ ಸೂಜಿಗೆ ಅವಳ ಕೈಯಲ್ಲಿ ನರ ಸಿಗಲಿಲ್ಲ; ಕಾಲಲ್ಲಿ ಹುಡುಕಿದರು, ಅಲ್ಲೂ ಸಿಗದೆ ಹಣೆಯ ಪಕ್ಕ ಕೂದಲು ಬೋಳಿಸಿ ಚುಚ್ಚಿದರು. ಅವಳಿಗೆ ಅಳಲು ತ್ರಾಣವಿರಲಿಲ್ಲ. ಬಾಯಿ ತೆರೆಯುತ್ತಿತ್ತು, ದನಿ ಬರುತ್ತಿರಲಿಲ್ಲ. ಅದನ್ನು ಕಂಡು ಅವ್ವ ನನ್ನ ತೋಳು ಹಿಡಿದು ಎಳೆದಳು.

"ತಮ್ಮಾ, ನಾ ಬಂದಾಗಿಂದ ಅಕಿಗೆ ಗೋಧಿ ಕೊಟ್ಟೇ ಇಲ್ಲೋ. ನುಚ್ಚು, ಮಜ್ಜಿಗಿ, ರೊಟ್ಟಿ ನೆನಿಸಿ ಕೊಟ್ಟೀನಿ. ಬಿಸ್ಕೀಟೆಲ್ಲಾ ಓಣ್ಯಾಗಿನ ಹುಡುಗ್ರಿಗೆ ಹಂಚೀನಿ" ಎಂದಳು.

"ಅತ್ತೀ, ಡಾಕ್ಟರ ಮುಂದ ಯಾಕ ಹೇಳಲಿಲ್ರಿ?" ಎಂದು ಶೈಲಾ ಕಿರುಚಿಯೇಬಿಟ್ಟಳು.

"ಹೆಂಗ ಹೇಳ್ಲೆವ್ವಾ? ಏನ ತಿಳೀತಿದ್ರು ಅವರು ನಮ್ಮನ್ನ?"

ಡಾಕ್ಟರು ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ತಿಂಗಳುಗಟ್ಟಲೆ ಗೋಧಿ ತಿನ್ನದ ಮಗುವಿನ ರಕ್ತದಲ್ಲಿ ಗೋಧಿಯ ಕುರುಹು ಸಿಕ್ಕುವುದಿಲ್ಲ ಎಂದು ಬಿಡಿಸಿ ಹೇಳಿದರು. ಖಚಿತವಾಗದೆ ಜನ್ಮಪೂರ್ತಿ ಗೋಧಿ ಬಿಡಿಸುವಂತಿಲ್ಲ. ಇನ್ನಾವುದೋ ರೋಗ ಒಳಗೇ ಉಳಿದುಬಿಟ್ಟರೆ? ಮಗು ಸುಧಾರಿಸಿದ ಮೇಲೆ ಕೆಲವು ವಾರ ದಿನಾ ಚಪಾತಿ ತಿನ್ನಿಸಿ, ಮತ್ತೆ ರಕ್ತ ನೋಡಿ, ಬಾಯಿಂದ ನಳಿಕೆ ಇಳಿಸಿ ಕರುಳಿನ ಚೂರು ತೆಗೆಯಬೇಕು. ಅಂದರೆ, ರೋಗ ಹೌದೋ ಅಲ್ಲವೋ ತಿಳಿಯಲು ಮಗುವಿಗೆ ನಮ್ಮ ಕೈಯಾರೆ ರೋಗ ಬರಿಸಬೇಕು.

ಶೈಲಾ ನನ್ನಿಂದ ಆಗುವುದಿಲ್ಲ ಎಂದಳು. ಅವ್ವ ಬಾಲ್ಕನಿಗೆ ಹೋಗಿ ಬೆನ್ನು ತಿರುಗಿಸಿ ಕೂತಳು. ಆ ನೌಕರಿ ನನಗೆ ಬಂತು. ಆಫೀಸಿನಲ್ಲಿ ಬಡ್ತಿ ಕಾಣದ ನನಗೆ ಮನೆಯಲ್ಲಿ ಸಿಕ್ಕ ಹುದ್ದೆ ಇದೊಂದೇ. ಚಪಾತಿಯನ್ನು ಚೂರು ಮಾಡಿ, ಇದು ಚಂದಪ್ಪ, ಇದು ಆನೆಯ ಕಿವಿ ಎಂದು ತಿನ್ನಿಸುತ್ತಿದ್ದೆ. ಮೊದಲ ದಿನಗಳಲ್ಲಿ ನಗುತ್ತಾ ತಿಂದಳು. ಆಮೇಲೆ ತಟ್ಟೆ ಕಂಡರೆ ಬಾಗಿಲ ಹಿಂದೆ ಅಡಗತೊಡಗಿದಳು. ಎಳೆದು ತರುತ್ತಿದ್ದೆ. "ಪೂರಾ ತಿಂದಿ? ಶಾಣ್ಯಾ ಅದಿ" ಎಂದು ತಲೆ ಸವರುತ್ತಿದ್ದೆ. ನಂತರ ಮಲಗಿಸಿ, ಉಬ್ಬಿದ ಹೊಟ್ಟೆಯ ಮೇಲೆ ಕೈ ಇಟ್ಟು, "ಈಗ ಹೊಟ್ಟಿ ನೋಯ್ತದ. ಸುಮ್ಮ ಮಕ್ಕೊ, ನಾ ಇಲ್ಲೇ ಇರ್ತೀನಿ" ಎನ್ನುತ್ತಿದ್ದೆ. ಅಷ್ಟು ನಾಚಿಕೆಗೆಟ್ಟ ಕೆಲಸವನ್ನು ನಾನು ಬೇರೆಂದೂ ಮಾಡಿಲ್ಲ. ಒಂದು ದಿನ ಕಕ್ಕಿಕೊಂಡವಳು, ನನ್ನ ಮುಖ ನೋಡಿ, "ಪಪ್ಪಾ, ಸಿಟ್ಟ ಮಾಡಬ್ಯಾಡ. ಮತ್ತ ತಿಂತೀನಿ" ಎಂದಳು.

ಈ ಸಲ ರಕ್ತವೂ ಹೇಳಿತು, ಕರುಳೂ ಹೇಳಿತು: ಗೋಧಿಯೇ. "ಹೌದಂತ!" ಎಂದು ನಾನು ಆಸ್ಪತ್ರೆಯಿಂದಲೇ ಶೈಲಾಗೆ ಫೋನಿನಲ್ಲಿ ಕೂಗಿದ ಧಾಟಿಗೆ, ಪಕ್ಕದಲ್ಲಿ ನಿಂತವರೊಬ್ಬರು ಗಂಡೋ ಹೆಣ್ಣೋ ಎಂದು ಮರಾಠಿಯಲ್ಲಿ ಕೇಳಿದರು. ಅಂದೇ ಗೋಧಿ ಹಿಟ್ಟಿನ ಡಬ್ಬಿ ಮನೆಯಿಂದ ಹೊರಬಿತ್ತು. ಅವ್ವ ಈಗ ಬೀಗರು ಬಂದರೂ ಜೋಳದ ರೊಟ್ಟಿಯನ್ನೇ ಬಡಿಯುತ್ತಾಳೆ, ಕೇಳದಿದ್ದರೂ ಕಾರಣ ಹೇಳುತ್ತಾಳೆ. ಮನೆಯಲ್ಲಿ ಚಪಾತಿಯ ಆಸೆ ಬಿಡದವನು ನಾನೊಬ್ಬನೇ.

ಅಂಜು ಈಗ ಎರಡನೇ ಇಯತ್ತೆ. ಮೈ ತುಂಬಿಕೊಂಡಿದ್ದಾಳೆ, ಫ್ರಾಕುಗಳು ಆರು ತಿಂಗಳೂ ಬಾಳುವುದಿಲ್ಲ. ಮೊನ್ನೆ ಹೋಟೆಲಿನಿಂದ ಎಂದಿನಂತೆ ಲವಂಗ ಅಗಿಯುತ್ತಾ ಬಂದೆ. ಚೀಲ ಇಸಿದುಕೊಳ್ಳಲು ಬಂದವಳು ನನ್ನ ಅಂಗಿಯ ಗುಂಡಿಯ ಬಳಿ ಅಂಟಿದ್ದ ಚಪಾತಿಯ ಚೂರನ್ನು ನೋಡಿದಳು. ಅಮ್ಮನನ್ನು ಕೂಗಲಿಲ್ಲ. ಹತ್ತಿರ ಬಂದು ಮೆಲ್ಲಗೆ ಕೇಳಿದಳು:

"ಪಪ್ಪಾ, ಪೂರಾ ತಿಂದಿ?"

ಹೂಂ ಎಂದೆ.

"ಶಾಣ್ಯಾ ಅದಿ" ಎಂದು, ಬೂಟು ಬಿಚ್ಚಲು ಬಗ್ಗಿದ್ದ ನನ್ನ ತಲೆ ಸವರಿದಳು. ನನ್ನ ಕೈ ಹಿಡಿದು ಸೋಫಾದ ಕಡೆ ಎಳೆದು, ಹೊಟ್ಟೆಯ ಮೇಲೆ ತನ್ನ ಪುಟ್ಟ ಅಂಗೈ ಇಟ್ಟಳು. "ಈಗ ಹೊಟ್ಟಿ ನೋಯ್ತದ. ಸುಮ್ಮ ಮಕ್ಕೊ, ನಾ ಇಲ್ಲೇ ಇರ್ತೀನಿ."

ಬೂಟು ಬಿಚ್ಚಲೂ ಧೈರ್ಯವಾಗದೆ ನಾನು ಹಾಗೇ ಮಲಗಿದೆ. ಅವಳು ಕೈ ತೆಗೆಯುವವರೆಗೂ ಏಳಲಿಲ್ಲ.