ಕಿಟಕಿ ಪಕ್ಕದ ಸೈಕಲ್ಲು

ಅಂದು ಬೆಳಗ್ಗೆಯೇ ಸೆಕೆ. ಗಾಳಿ ದೇವರ ಅಪ್ಪಣೆಗೆ ಕಾಯುತ್ತ ಎಲ್ಲೋ ನಿಂತುಬಿಟ್ಟಿತ್ತು; ಒಂದು ಎಲೆಯೂ ಅಲುಗುತ್ತಿರಲಿಲ್ಲ. ಇಂಥ ಬೆಳಗಿನಲ್ಲಿ ಡ್ರೈವರಣ್ಣ ತೊಟ್ಟು ನೀರೂ ಕುಡಿಯದೆ ಜಿಮ್ಮಿಗೆ ಹೊರಟ.

ಹಟವೇನಲ್ಲ, ರೂಢಿ. ಬಸ್ಸು ಓಡಿಸಿದಷ್ಟು ವರ್ಷವೂ ಅವನು ನೀರು ಕುಡಿದದ್ದು ಕೊನೆಯ ನಿಲ್ದಾಣದಲ್ಲೇ. ನಡುದಾರಿಯಲ್ಲಿ ಕುಡಿದರೆ ನಡುದಾರಿಯಲ್ಲೇ ಇಳಿಯಬೇಕು. ತುಂಬಿದ ಬಸ್ಸು ನಿಲ್ಲಿಸಿ ಪೊದೆ ಹುಡುಕುವುದುಂಟೆ? ಬಸ್ಸು ಬಿಟ್ಟರೂ ಗಂಟಲಿನ ಶಿಸ್ತು ಬಿಟ್ಟಿರಲಿಲ್ಲ.

ಜಿಮ್ಮಿನಲ್ಲಿ ಅವನಿಗೆ ಬೇಕಾದದ್ದು ಒಂದೇ, ಕಿಟಕಿ ಪಕ್ಕದ, ಎಲ್ಲಿಗೂ ಹೋಗದ ಸೈಕಲ್ಲು. ಅದರ ಮೇಲೆ ಕೂತರೆ ಕೆಳಗಿನ ರಸ್ತೆಯಲ್ಲಿ ಅವನ ಹಳೆಯ ರೂಟಿನ ಬಸ್ಸು ಏದುಸಿರು ಬಿಡುತ್ತ ಏರು ಹತ್ತುವುದು ಕಾಣುತ್ತಿತ್ತು. ಡೀಸೆಲ್ ವಾಸನೆ, ಕಂಡಕ್ಟರನ ಸೀಟಿ, ಹಿಂದೆಲ್ಲೋ ಅಳುವ ಕೂಸು, ಎಲ್ಲವೂ ಮರಳಿ ಬರುತ್ತಿದ್ದವು. ಕಾಲು ತನ್ನಷ್ಟಕ್ಕೆ ಕ್ಲಚ್ ಹುಡುಕುತ್ತಿತ್ತು.

ಆದರೆ ಹೋದ ವಾರ ಅಲ್ಲೇ ತಲೆ ಸುತ್ತಿ ವಾಲಿದ್ದ. "ಇನ್ನೊಂದ್ಸಲ ಹೀಗಾದ್ರೆ ಜಿಮ್ಮೂ ಬೇಡ, ಗಿಮ್ಮೂ ಬೇಡ. ಮನೇಲೇ ಕೂತ್ಕೋ ಅಪ್ಪಾ" ಎಂದು ಮಗಳು ಕಡ್ಡಿ ಮುರಿದಂತೆ ಹೇಳಿದ್ದಳು.

ಪೆಡಲ್ ತುಳಿಯಲು ಶುರುಮಾಡಿದ್ದೇ ತಡ, ಟ್ರೈನರ್ ಬಂದ. "ಅಣ್ಣಾ, ನೀರಿನ ಬಾಟ್ಲಿ ಎಲ್ಲಿ?"

"ಟ್ರಿಪ್ ಮುಗೀಲಪ್ಪ, ಕುಡೀತೀನಿ."

"ಯಾವ ಟ್ರಿಪ್ಪು? ಕೂತಲ್ಲೇ ಕೂತಿದ್ದೀಯಲ್ಲೋ ಮಹಾರಾಯ!" ತೂಕ ಎತ್ತುತ್ತಿದ್ದ ಪಾತ್ರೆ ಅಂಗಡಿಯವನು ನಕ್ಕ.

ಟ್ರೈನರ್ ನಗಲಿಲ್ಲ. "ಕುಡೀರಿ, ಇಲ್ಲಾಂದ್ರೆ ಇಳೀರಿ. ನಿಮ್ಮ ಮಗಳಿಗೆ ಉತ್ತರ ಕೊಡೋನು ನಾನು."

ಪಕ್ಕದಲ್ಲಿದ್ದ ಬ್ಯಾಂಕಿನಮ್ಮ ತನ್ನ ಬಾಟಲಿ ಚಾಚಿದಳು. "ತಗೊಳ್ಳಿ, ನಿಂಬೆರಸ, ಉಪ್ಪು ಹಾಕಿದೀನಿ. ಸ್ವಲ್ಪ ಸ್ವಲ್ಪವೇ ಗುಟುಕರಿಸಿ."

ಗುಟುಕರಿಸುವ ವಿದ್ಯೆ ಡ್ರೈವರಣ್ಣನಿಗೆ ಎಲ್ಲಿ ಬರಬೇಕು? ರೇಡಿಯೇಟರಿಗೆ ಸುರಿದಂತೆ ಗಟಗಟ ಇಳಿಸಿದ.

"ಅವರದ್ದು ಕುಡಿದು ನಂದು ಬಿಟ್ರೆ ಹೇಗೆ?" ಎಂದು ಪಾತ್ರೆ ಅಂಗಡಿಯವನು ತನ್ನ ಬಿಂದಿಗೆಯಂಥ ಸ್ಟೀಲ್ ಬಾಟಲಿ ತಂದ. ಟ್ರೈನರ್ ಅದರ ಮೇಲೊಂದು ಲೋಟ ನೀರು ಕೊಟ್ಟ. ಎಲ್ಲವೂ ಒಳಗೆ ಹೋದವು.

ಆಮೇಲೆ ಶುರುವಾಯಿತು ನೋಡಿ. ಶೌಚಾಲಯ ಜಿಮ್ಮಿನ ಆ ತುದಿಯಲ್ಲಿ, ಸೈಕಲ್ಲು ಈ ತುದಿಯಲ್ಲಿ. ಎರಡು ಸುತ್ತು ತುಳಿಯುವುದು, ಇಳಿದು ಓಡುವುದು. ಒಮ್ಮೆ ಯಾರದೋ ಸ್ಕಿಪ್ಪಿಂಗ್ ಹಗ್ಗಕ್ಕೆ ಸಿಕ್ಕಿ ಬುಗುರಿಯಂತೆ ತಿರುಗಿದ. ಎದ್ದಾಗಲೆಲ್ಲ ಪಾತ್ರೆ ಅಂಗಡಿಯವನು, "ರೈಟ್, ರೈಟ್! ದಾರಿ ಬಿಡ್ರಪ್ಪೋ!" ಎಂದು ಕೂಗುತ್ತಿದ್ದ.

ಆದರೂ ತಲೆ ಸುತ್ತಲಿಲ್ಲ! ಶೌಚಾಲಯದಲ್ಲೇ ಡ್ರೈವರಣ್ಣ ಮನಸ್ಸಿನಲ್ಲಿ ದೇವರಿಗೆ ಕೈಮುಗಿದ. ಬಸ್ಸು ಬರುವ ಹೊತ್ತೂ ಆಗಿತ್ತು. ಹಗುರಾಗಿ ಬಾಗಿಲು ತೆರೆದವನು ಅಲ್ಲೇ ನಿಂತ.

ಬಾಗಿಲ ಮಗ್ಗುಲಲ್ಲಿ, ಗೋಡೆಗೆ ಮುಖಮಾಡಿ, ಅವನ ಸೈಕಲ್ಲು. ಹೊತ್ತು ತಂದವರೆಲ್ಲ ಬೆವರು ಒರೆಸಿಕೊಳ್ಳುತ್ತ ನಗುತ್ತಿದ್ದರು.

"ಇನ್ಮೇಲೆ ಓಡೋ ಕಷ್ಟ ಇಲ್ಲಣ್ಣ," ಎಂದ ಟ್ರೈನರ್. "ಇದು ಇಲ್ಲೇ ಇರತ್ತೆ. ನೀವು ನೀರು ಕುಡಿದ್ರಿ ಅಂತ ಮಗಳಿಗೂ ಫೋನ್ ಮಾಡ್ದೆ. ಪಾಪ, ಖುಷಿಗೆ ಅತ್ತೇಬಿಟ್ರು!"

ಅಷ್ಟು ಪ್ರೀತಿಯ ಮುಖಗಳೆದುರು, ಈ ವಯಸ್ಸಿನಲ್ಲಿ ಬಸ್ಸು ನೋಡಬೇಕು ಎಂದು ಗೋಗರೆಯುವುದೆ? ಡ್ರೈವರಣ್ಣ ಸೈಕಲ್ ಹತ್ತಿದ. ಹೊರಗೆ ಎಂಜಿನ್ ಏದುಸಿರು ಕೇಳಿಸಿತು. ಗೋಡೆಯನ್ನೇ ನೋಡುತ್ತ, ಸದ್ದು ಏರು ದಾಟುವವರೆಗೆ ಅದರ ಜೊತೆಗೇ ಮೆಲ್ಲಗೆ ತುಳಿದ.

ಆಮೇಲೆ ಇಳಿದು, ಖಾಲಿ ಬಾಟಲಿಯನ್ನು ಟವೆಲ್ಲಿನಿಂದ ಒರೆಸಿ, ಬ್ಯಾಂಕಿನಮ್ಮನ ಕೈಗಿತ್ತ.