ಹಾಪರಿನ ಬಾಯಿ, ತಂಗಿಯ ಕುಬಸ

ಪಾಯ ಹಾಕುವ ಕೆಲಸ ಯಾರಿಗೆ ಸೇರುತ್ತದೆ ಹೇಳಿ? ನನಗಂತೂ ಸೇರುವುದಿಲ್ಲ. ಮಣ್ಣಿನಲ್ಲಿ ಮುಚ್ಚಿಹೋಗುವುದನ್ನು ನೋಡಿ ಹೊಗಳುವವರಾರು? ಹೊಗಳಿಕೆ ಸಿಗದ ಕಡೆ ಬೆವರು ಸುರಿಸುವವರ ಪೈಕಿ ನಾನಲ್ಲ. ರಾಯಚೂರಿನಲ್ಲಿ ಅಕ್ಕಿ ಗಿರಣಿಗಳಿಗೆ ಯಂತ್ರ ಮಾಡಿಕೊಡುವ ವರ್ಕ್‌ಶಾಪಿನಲ್ಲಿ ಕಂಪ್ಯೂಟರ್ ಮೇಲೆ ಯಂತ್ರಗಳ ಮಾಡೆಲ್ ಬಿಡಿಸುವುದು ನನ್ನ ಹೊಟ್ಟೆಪಾಡು. ಅಲ್ಲಿಯೂ ಪಾಯದಂಥದೊಂದಿದೆ, ರೆಫರೆನ್ಸ್ ಪ್ಲೇನ್ ಅಂತ. ಗಾಳಿಯಲ್ಲಿ ನಿಲ್ಲಿಸಿದ, ದಪ್ಪವೇ ಇಲ್ಲದ ಹಲಗೆ ಅನ್ನಿ. ಅದರ ಮೇಲೆ ಬಿಡಿಸಿದ ಭಾಗಗಳು ಹಲಗೆ ಹೊರಳಿದಂತೆ ತಾವೂ ಹೊರಳುತ್ತವೆ. ತಯಾರಾದ ಯಂತ್ರದಲ್ಲಿ ಮಾತ್ರ ಅದು ಕಾಣುವುದೇ ಇಲ್ಲ. ಹಾಗಾಗಿ ನಾನದನ್ನು ಹಾಕುತ್ತಿರಲಿಲ್ಲ. ಒಂದರ ಬೆನ್ನಿಗೆ ಇನ್ನೊಂದು, ಅದರ ಬೆನ್ನಿಗೆ ಮತ್ತೊಂದು ಅಂಟಿಸುತ್ತ ಹೋಗುತ್ತಿದ್ದೆ.

ಆ ದಿನ ಮಾನ್ವಿಯಲ್ಲಿ ನನ್ನ ತಂಗಿ ಸಾವಿತ್ರಿಯ ಕುಬಸ. ಚೊಚ್ಚಲ ಬಸುರಿಗೆ ಉಡಿಸಬೇಕಾದ ತವರಿನ ಹಸಿರು ಸೀರೆ ನನ್ನ ಚೀಲದಲ್ಲೇ ಇತ್ತು. "ಆರತಿಗೆ ನೀ ನನ್ನ ಮುಂದ ಇರಬೇಕು. ಇಲ್ಲಂದ್ರ ನೀ ನಮ್ಮಣ್ಣನ ಅಲ್ಲ ನೋಡು" ಎಂದು ಬೆಳಿಗ್ಗೆಯೇ ಫೋನಿನಲ್ಲಿ ಗದರಿದ್ದಳು. ಒಬ್ಬಳೇ ತಂಗಿ. ಅವಳ ಮೇಲೆ ನನಗೆ ಜೀವ, ಅವಳ ಸಿಟ್ಟಿಗೆ ಭಯ. ಚೀಲ ಹೆಗಲಿಗೇರಿಸುತ್ತಿದ್ದೆ, ಮಾನ್ವಿಯ ಗಿರಣಿ ಸಾವ್ಕಾರರು ಬಂದುಬಿಟ್ಟರು. ಅವರ ಭತ್ತ ಸುರಿಯುವ, ಆಲಿಕೆಯಂಥ ಹಾಪರಿನ ಮಾಡೆಲ್ ಸಿದ್ಧವಿತ್ತು. "ಎಲ್ಲಾ ಚೊಲೋ ಅದರೀ. ಆದ್ರ ಬಾಯಿ ದಕ್ಷಿಣಕ್ಕ ಬ್ಯಾಡ. ಲಕ್ಷ್ಮಿ ಬರೋ ದಾರಿ, ಪೂರ್ವಕ್ಕ ತಿರುಗಿಸ್ರಿ" ಎಂದರು.

ತಿರುಗಿಸಿದೆ. ಅಯ್ಯೋ ಶಿವನೇ! ಪರದೆ ತುಂಬ ಕೆಂಪು ಎಚ್ಚರಿಕೆಗಳು. ಬಾಯಿಗೆ ಅಂಟಿದ್ದ ಮುಚ್ಚಳ, ಜರಡಿ, ಬೋಲ್ಟಿನ ತೂತುಗಳೆಲ್ಲ ತಬ್ಬಲಿಗಳಾದವು. ಪಕ್ಕದ ಮೇಜಿನ ಸಹೋದ್ಯೋಗಿ ರೆಹಾನಾ ಇಣುಕಿ, "ಪ್ಲೇನ್ ಎಲ್ಲಿ ಅದರೀ?" ಎಂದರು.

"ಹಾಕಿಲ್ಲರೀ."

"ಯಾ ಅಲ್ಲಾ! ನಡುವ ಒಂದು ಪ್ಲೇನ್ ನಿಂದರ್ಸ್ರಿ, ಅದಕ್ಕ ಕೋನ ಕೊಡ್ರಿ. ಉಳಿದಿದ್ದೆಲ್ಲಾ ಅದರ ಮ್ಯಾಲ ಕುಂದರ್ಸ್ರಿ."

ಬಯ್ದುಕೊಳ್ಳುತ್ತ ಮೊದಲಿನಿಂದ ಕಟ್ಟಿದೆ. ಅಷ್ಟರಲ್ಲಿ ಮಾನ್ವಿಯ ಬಸ್ಸು ಹೋಯಿತು. ಕೋನ ಬದಲಿಸಿದರೆ, ಏನು ಚಂದ! ಇಡೀ ಬಾಯಿ ಪರಿವಾರ ಸಮೇತ ಹೊರಳಿತು. ಸಾವ್ಕಾರರು ಮಗುವಿನಂತೆ ಹಿಗ್ಗಿದರು. "ಈಶಾನ್ಯಕ್ಕ ಮಾಡ್ರಿ? ಉತ್ತರಕ್ಕ?" ಎನ್ನುತ್ತ ಎಲ್ಲ ದಿಕ್ಕು ಸುತ್ತಿಸಿ, ಕೊನೆಗೆ ಪೂರ್ವಕ್ಕೇ ಒಪ್ಪಿದರು. "ನಿಮ್ಮ ತಂಗಿ ಕುಬಸಕ್ಕ ನನ್ನನ್ನೂ ಕರದಾರ್ರಿ. ನಡೀರಿ, ನನ್ನ ಕಾರಿನಾಗ ಹೋಗೋಣು."

ಸೀರೆ ಹೊತ್ತಿಗೆ ಮುಟ್ಟಿತು. ಸಾವಿತ್ರಿಯ ಮುಖ ಅರಳಿತು. ಅವಳು ಸೀರೆ ಉಟ್ಟು ಬರುವಷ್ಟರಲ್ಲಿ ಸಾವ್ಕಾರರು ಪಡಸಾಲೆಯಲ್ಲಿ ನನ್ನ ಗುಣಗಾನ ಮುಗಿಸಿದ್ದರು. ಹೊಸ ಮನೆ ಕಟ್ಟಿಸುತ್ತಿದ್ದ ಅವಳ ಮಾವ, "ನಮ್ಮ ಅಡಿಗಿಮನಿ ಬಾಗಿಲಾ ಒಂಚೂರು ತಿರುಗಿಸಿ ತೋರಸ್ರಿ ಬೀಗರ" ಎಂದರು. ಹೊಗಳಿಕೆ ತಲೆಗೇರಿತ್ತು, ಚೀಲದಲ್ಲಿದ್ದ ಲ್ಯಾಪ್‌ಟಾಪ್ ತೆರೆದೆ. ಮೊದಲು ಪ್ಲೇನ್ ಹಾಕಿದೆ, ಆಮೇಲೆ ಬಾಗಿಲು. ಜನ ಮುತ್ತಿಕೊಂಡು ಕಿಟಕಿಗಳನ್ನೂ ತಿರುಗಿಸಲು ಹೇಳಿದರು. ಒಳಗಿನಿಂದ ಆರತಿ ಹಾಡು ಕೇಳಿಸಿತು. ಇದೊಂದು ಕಿಟಕಿ ಮುಗಿಯಲಿ ಎಂದುಕೊಂಡೆ. ಹಾಡು ಮುಗಿಯಿತು.

ಹಸಿರು ಬಳೆ ಸದ್ದು ಮಾಡುತ್ತ ಸಾವಿತ್ರಿಯೇ ಹೊರಗೆ ಬಂದಳು. "ಆರತಿ ಆತು. ಮಂದಿ ಬಾಗಿಲಾ ಎಲ್ಲಾ ತಿರುಗಿಸಿದಿ, ನಿನ್ನ ಮಾರಿ ಒಂದು ನನ್ನ ಕಡಿ ತಿರುಗಸ್ಲಿಲ್ಲಲ್ಲೋ ಅಣ್ಣಾ" ಎಂದಳು. ಎದೆಗೆ ಚುಚ್ಚಿತು. ತಟ್ಟನೆ ಎದ್ದು ನಿಂತೆ. "ದೇವರ ಮನಿ ಒಂದು ಉಳೀತಲ್ರಿ" ಎಂದರು ಅವಳ ಮಾವ. ಬೀಗರ ಮಾತು ಮೀರಲಾದೀತೇ? ಮತ್ತೆ ಕೂತೆ.

ಸಾವಿತ್ರಿ ನೇರ ನನ್ನ ಬಳಿ ಬಂದಳು. ಲ್ಯಾಪ್‌ಟಾಪನ್ನು ತಾನೇ ರಪ್ಪನೆ ಮುಚ್ಚಿದಳು. ನನ್ನ ಬೆರಳುಗಳು ಇನ್ನೂ ಒಳಗೇ ಇದ್ದವು.